ಹೊಲಿಗೆ ಬಂದವರಿಗೂ ಕಸುಬು ಏಕೆ ದಕ್ಕುವುದಿಲ್ಲ: ಜೈಲಿನ ಟೈಲರಿಂಗ್ ವಿಭಾಗದ ಅನುಭವ

ರಾಜ್ಯದ ಒಂದು ಕೇಂದ್ರ ಕಾರಾಗೃಹದ ಟೈಲರಿಂಗ್ ವಿಭಾಗದಲ್ಲಿ ನಾನು ಬೋಧಕನಾಗಿದ್ದೇನೆ. ಇಲ್ಲಿ ಹೊಲಿಗೆ ಕಲಿತವರು ಬಿಡುಗಡೆಯಾದ ಮೇಲೆ ಆ ಕಸುಬಿನಲ್ಲೇ ಜೀವನ ಸಾಗಿಸುತ್ತಾರೆಯೇ ಎಂದು ಹೊರಗಿನವರು ಕೇಳುತ್ತಿರುತ್ತಾರೆ. ಕೆಲವರು ಸಾಗಿಸುತ್ತಾರೆ. ಆದರೆ ಒಳಗೆ ವರ್ಷಗಟ್ಟಲೆ ಮಷೀನಿನ ಮುಂದೆ ಕುಳಿತವರಲ್ಲೂ ಅನೇಕರು ಹೊರಗೆ ಹೋದ ಕೆಲವೇ ತಿಂಗಳಲ್ಲಿ ಗಾರೆ ಕೆಲಸಕ್ಕೋ ಲೋಡಿಂಗ್ ಕೆಲಸಕ್ಕೋ ಸೇರಿಕೊಳ್ಳುತ್ತಾರೆ. ಅವರ ಹೊಲಿಗೆಯಲ್ಲಿ ಎತ್ತಿ ತೋರಿಸುವಂಥ ಕೊರತೆ ಏನೂ ಇರುವುದಿಲ್ಲ. ಕೊರತೆ ಇರುವುದು ಒಳಗೆ ಕೆಲಸವನ್ನು ಹಂಚುವ ಕ್ರಮದಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ, ಮತ್ತು ಆ ಕ್ರಮವನ್ನು ಬದಲಿಸಲು ದೊಡ್ಡ ಹಣವೇನೂ ಬೇಕಾಗಿಲ್ಲ.

ಕಠಿಣ ಶಿಕ್ಷೆಗೆ ಗುರಿಯಾದವರು ಕೆಲಸ ಮಾಡಲೇಬೇಕೆಂಬುದು ಕಾನೂನು. ಅದಕ್ಕಾಗಿಯೇ ಕೇಂದ್ರ ಕಾರಾಗೃಹಗಳಲ್ಲಿ ಹೊಲಿಗೆ, ನೇಯ್ಗೆ, ಮರಗೆಲಸ, ಕಮ್ಮಾರಿಕೆ, ಬೇಕರಿ ಮೊದಲಾದ ವಿಭಾಗಗಳಿವೆ. ನಮ್ಮ ವಿಭಾಗದಲ್ಲಿ ಮುಖ್ಯವಾಗಿ ಶಿಕ್ಷಾಬಂದಿಗಳ ಬಿಳಿ ಸಮವಸ್ತ್ರ, ಹಾಸಿಗೆಯ ಹೊದಿಕೆ, ದಿಂಬಿನ ಕವರ್ ಮುಂತಾದವು ತಯಾರಾಗುತ್ತವೆ. ಆರ್ಡರ್ ಬಂದಾಗ ನಿಗದಿತ ದಿನಕ್ಕೆ ಇಷ್ಟು ಪೀಸು ಮುಗಿಯಬೇಕು. ಹಾಗಾಗಿ ಒಬ್ಬರು ಬರೀ ಪಾಯಿಜಾಮದ ಬದಿ ಹೊಲಿಗೆ ಹಾಕುತ್ತಾರೆ, ಇನ್ನೊಬ್ಬರು ಬರೀ ತೋಳು ಕೂರಿಸುತ್ತಾರೆ, ಮತ್ತೊಬ್ಬರು ಕಾಜಾ ಮಾಡಿ ಬಟನ್ ಹಾಕುತ್ತಾರೆ. ಬಟ್ಟೆ ಕತ್ತರಿಸುವ ಕೆಲಸ ಮಾತ್ರ ಬಹುಕಾಲದಿಂದ ಇರುವ, ಅಧಿಕಾರಿಗಳ ನಂಬಿಕೆ ಗಳಿಸಿದ ಒಬ್ಬರೋ ಇಬ್ಬರೋ ಹಿರಿಯ ಬಂದಿಗಳ ಪಾಲಿಗೆ ಬರುತ್ತದೆ.

ಇದಕ್ಕೆ ಕಾರಣ ಕತ್ತರಿ. ಹೊರಗಿನ ಅಂಗಡಿಯಲ್ಲಿ ಕತ್ತರಿ ಒಂದು ಉಪಕರಣ. ಒಳಗೆ ಅದು ಆಯುಧವೂ ಆಗಬಲ್ಲ ವಸ್ತು. ಪ್ರತಿಯೊಂದು ಕತ್ತರಿಗೂ ನಂಬರ್ ಇರುತ್ತದೆ, ಬೆಳಿಗ್ಗೆ ಸಹಿ ಮಾಡಿಸಿ ಕೊಡುತ್ತೇವೆ, ಸಂಜೆ ಬ್ಯಾರಕ್ ಬೀಗ ಹಾಕುವ ಮುನ್ನ ಎಣಿಸಿ ವಾಪಸ್ ಪಡೆಯುತ್ತೇವೆ. ಒಂದು ಕಡಿಮೆ ಬಂದರೆ ವಿಭಾಗದಿಂದ ಯಾರೂ ಕದಲುವಂತಿಲ್ಲ. ಈ ಎಚ್ಚರಿಕೆ ಅಗತ್ಯವಾದದ್ದೇ, ಅದನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಅದರ ಪರಿಣಾಮವೂ ಕಣ್ಣೆದುರಿಗಿದೆ. ಕತ್ತರಿ ಇಬ್ಬರ ಕೈಯಲ್ಲಿ ಉಳಿದರೆ ಕಟಿಂಗ್ ವಿದ್ಯೆಯೂ ಆ ಇಬ್ಬರಲ್ಲೇ ಉಳಿಯುತ್ತದೆ. ಕಟಿಂಗ್ ಬಾರದವರನ್ನು ಹೊರಗಿನ ಲೋಕ ಟೈಲರ್ ಎಂದು ಕರೆಯುವುದಿಲ್ಲ. ಐದಾರು ವರ್ಷ ನೇರ ಹೊಲಿಗೆ ಹಾಕಿದವರಿಗೆ ಮೂವತ್ತಾರು ಇಂಚು ಪನ್ನದ, ಅಂದರೆ ಅಗಲದ, ಬಟ್ಟೆಯಾದರೆ ತುಂಬುತೋಳಿನ ಶರ್ಟಿಗೆ ಸುಮಾರು ಎರಡೂಕಾಲು ಮೀಟರ್ ಬೇಕು, ಐವತ್ತೆಂಟು ಇಂಚಿನ ಪನ್ನವಾದರೆ ಒಂದೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚು ಸಾಕು ಎಂಬ ಲೆಕ್ಕ ತಿಳಿದಿರುವುದಿಲ್ಲ, ಏಕೆಂದರೆ ಬಟ್ಟೆ ಯಾವಾಗಲೂ ಕತ್ತರಿಸಿಯೇ ಅವರ ಮುಂದೆ ಬಂದಿರುತ್ತದೆ.

ವಿಶ್ವಸಂಸ್ಥೆ 2015ರಲ್ಲಿ ಅಂಗೀಕರಿಸಿದ ನೆಲ್ಸನ್ ಮಂಡೇಲಾ ನಿಯಮಗಳಲ್ಲಿ ಇದರ ಬಗ್ಗೆ ನೇರವಾದ ಮಾತಿದೆ. ಬಂದಿಗಳಿಗೆ ಕೊಡುವ ಕೆಲಸ ಬಿಡುಗಡೆಯ ನಂತರ ಪ್ರಾಮಾಣಿಕವಾಗಿ ದುಡಿದು ತಿನ್ನುವ ಸಾಮರ್ಥ್ಯವನ್ನು ಉಳಿಸಬೇಕು ಅಥವಾ ಹೆಚ್ಚಿಸಬೇಕು ಎಂದು 98ನೇ ನಿಯಮ ಹೇಳಿದರೆ, ಜೈಲಿನ ಕೈಗಾರಿಕೆಯ ಲಾಭಕ್ಕಾಗಿ ಬಂದಿಗಳ ಹಿತವನ್ನೂ ಅವರ ವೃತ್ತಿ ತರಬೇತಿಯನ್ನೂ ಬದಿಗೊತ್ತಬಾರದು ಎಂದು 99ನೇ ನಿಯಮ ಹೇಳುತ್ತದೆ. ಉತ್ಪಾದನೆ ಮತ್ತು ತರಬೇತಿ ಒಂದೇ ಮಷೀನಿನ ಮೇಲೆ ನಡೆದರೂ ಎರಡರ ಗುರಿ ಬೇರೆ. ಆರ್ಡರಿನ ಒತ್ತಡ ಬಂದಾಗಲೆಲ್ಲ ಸೋಲುವುದು ತರಬೇತಿಯೇ.

ನಾವು ಮಾಡಿಕೊಂಡ ಮೊದಲ ಬದಲಾವಣೆ ಬಹಳ ಸಣ್ಣದು. ಹಳೆಯ ದಿನಪತ್ರಿಕೆಗಳನ್ನು ಕೂಡಿಸಿಟ್ಟು, ನಿತ್ಯ ಒಂದು ಗಂಟೆ ಎಲ್ಲರಿಗೂ ಪೇಪರ್ ಕಟಿಂಗ್ ಕಲಿಸತೊಡಗಿದೆವು. ಮೊಂಡು ತುದಿಯ ಸಣ್ಣ ಕತ್ತರಿಗಳಿಗೆ ಮೇಲಧಿಕಾರಿಗಳಿಂದ ಅನುಮತಿ ಪಡೆದೆವು. ಭುಜ, ಎದೆ, ತೋಳುದ್ದ, ಕಾಲರ್, ಸೊಂಟ ಎಂದು ಅಳತೆ ಬರೆದುಕೊಂಡು, ಪತ್ರಿಕೆಯ ಹಾಳೆಯ ಮೇಲೆ ಗೆರೆ ಎಳೆದು, ಹೊಲಿಗೆಗೆ ಬಿಡಬೇಕಾದ ಅಂಚು ಬಿಟ್ಟು ಕತ್ತರಿಸುವುದನ್ನು ಕಲಿಸುವಾಗ ಬಟ್ಟೆ ಹಾಳಾಗುವ ಭಯವಿಲ್ಲ, ಕಲಿಯುವವರಿಗೂ ಅಂಜಿಕೆಯಿಲ್ಲ. ಕತ್ತರಿಸಿದ ಹಾಳೆಗಳನ್ನು ಮಡಚಿ ಬ್ಯಾರಕ್‌ಗೆ ಒಯ್ದು ರಾತ್ರಿ ಮತ್ತೆ ಬಿಡಿಸಿ ನೋಡುವವರೂ ಇದ್ದಾರೆ.

ಅದಕ್ಕಿಂತ ಕಷ್ಟವಾದದ್ದು ಅಳತೆ ತೆಗೆಯುವುದು. ಇದು ನನಗೆ ತಡವಾಗಿ ಅರ್ಥವಾದ ಸಂಗತಿ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಉತ್ತರ ಕರ್ನಾಟಕದ ಕಡೆಯ ಒಬ್ಬ ಹಿರಿಯ ಶಿಕ್ಷಾಬಂದಿ ನಮ್ಮ ವಿಭಾಗದಲ್ಲಿದ್ದರು. ಕೈ ಹೊಲಿಗೆಯಲ್ಲಿ ಅವರ ಸಮಾನರು ಯಾರೂ ಇರಲಿಲ್ಲ. ಪಕ್ಕದವರ ಅಳತೆ ತೆಗೆಯಿರಿ ಎಂದು ಟೇಪು ಕೊಟ್ಟಾಗ ಅವರು ಹಿಂದೆ ಸರಿದರು. “ಮಾಸ್ತರ, ಬಟ್ಟಿ ಕೊಡ್ರಿ, ಏನು ಬೇಕಾದ್ರೂ ಹೊಲೀತೀನಿ. ಮನಶ್ಯಾನ ಮೈಗೆ ಟೇಪು ಹಿಡಿ ಅನಬ್ಯಾಡ್ರಿ” ಎಂದರು. ಜೈಲಿನೊಳಗೆ ಒಬ್ಬರ ಮೈಯನ್ನು ಇನ್ನೊಬ್ಬರು ಮುಟ್ಟುವುದು ತಪಾಸಣೆಯಲ್ಲಿ ಅಥವಾ ಜಗಳದಲ್ಲಿ. ವರ್ಷಾನುಗಟ್ಟಲೆ ಹಾಗೆ ಬದುಕಿದವರಿಗೆ, ಗಿರಾಕಿಯ ಎದುರು ನಿಂತು ಎದೆಯ ಸುತ್ತ ಟೇಪು ತರುವುದು ಎಷ್ಟು ದೊಡ್ಡ ಕೆಲಸವೆಂದು ಯಾವ ಪಠ್ಯಕ್ರಮದಲ್ಲೂ ಬರೆದಿರುವುದಿಲ್ಲ.

ಅವರಿಗೆ ಮೊದಲು ಮೇಜಿನ ಮೇಲೆ ಹರಡಿದ ಶರ್ಟಿನ ಅಳತೆ ತೆಗೆಯಲು ಹೇಳಿದೆವು. ಆಮೇಲೆ ನನ್ನ ಭುಜದ ಅಳತೆ, ಆಮೇಲೆ ತೋಳು. ಎದುರು ನಿಲ್ಲುವ ಬದಲು ಪಕ್ಕಕ್ಕೆ ನಿಲ್ಲುವುದು, ಟೇಪು ತರುವ ಮುನ್ನ “ಅಣ್ಣಾ, ಸ್ವಲ್ಪ ಕೈ ಎತ್ತಿ” ಎಂದು ಹೇಳುವುದು, ಫಿಟಿಂಗ್ ಲೂಸಾಗಿರಲೋ ಟೈಟಾಗಿರಲೋ ಎಂದು ಕೇಳುವುದು, ಇವೆಲ್ಲ ಹೊರಗಿನ ಟೈಲರ್‌ಗೆ ತಾನಾಗಿ ಬಂದಿರುವ ಮಾತುಗಳು. ನಾವು ಅವನ್ನು ಪಾಠದಂತೆ ಕಲಿಸಬೇಕಾಯಿತು. ಅವರು ಕಲಿತರು. ಕೊನೆಗೆ ಹೊಸಬರಿಗೆ ಟೇಪು ಹಿಡಿಯುವುದನ್ನು ಹೇಳಿಕೊಡುವವರೂ ಅವರೇ ಆದರು.

ಅಳತೆ ಬಂದ ಮೇಲೆ ಗಿರಾಕಿ ಬೇಕು. ಶಿಕ್ಷಾಬಂದಿಗಳ ಸಮವಸ್ತ್ರದಲ್ಲಿ ಗಿರಾಕಿ ಎಂಬವನಿಲ್ಲ. ಸಣ್ಣ, ನಡು, ದೊಡ್ಡ ಎಂಬ ಸೈಜು ಅಷ್ಟೇ. ಆದರೆ ವಿಚಾರಣಾಧೀನ ಕೈದಿಗಳು ತಮ್ಮ ಸ್ವಂತ ಬಟ್ಟೆ ತೊಡುತ್ತಾರೆ. ಆ ಬಟ್ಟೆ ಹರಿಯುತ್ತದೆ, ಜಿಪ್ ಕೆಡುತ್ತದೆ, ಮೈ ಇಳಿದಂತೆ ಪ್ಯಾಂಟು ಸಡಿಲವಾಗುತ್ತದೆ. ಅವರ ಬಟ್ಟೆಗಳ ರಿಪೇರಿಗೆಂದು ವಾರದಲ್ಲಿ ನಿಗದಿತ ದಿನಗಳಂದು ಒಂದು ಮೇಜು ಹಾಕಿದೆವು. ಬಟ್ಟೆ ಪಡೆದವರು ಪುಸ್ತಕದಲ್ಲಿ ಬರೆದುಕೊಳ್ಳಬೇಕು, ಚೀಟಿ ಕೊಡಬೇಕು, ಯಾವ ದಿನ ವಾಪಸ್ ಕೊಡುತ್ತೇವೆಂದು ತಾವೇ ಹೇಳಬೇಕು. ಹಣದ ವ್ಯವಹಾರ ಇಲ್ಲ. ಆದರೆ ಹೊರಗಿನ ಅಂಗಡಿಯಲ್ಲಾದರೆ ಈ ಕೆಲಸಕ್ಕೆ ಎಷ್ಟು ಕೇಳುತ್ತೀರಿ, ನೂಲು, ಜಿಪ್, ಕರೆಂಟು, ಬಾಡಿಗೆ ಕಳೆದು ಎಷ್ಟು ಉಳಿಯುತ್ತದೆ ಎಂಬುದನ್ನು ಪ್ರತಿ ಚೀಟಿಯ ಹಿಂದೆ ಬರೆಯಬೇಕು.

ಈ ಮೇಜು ಕಲಿಸಿದಷ್ಟನ್ನು ನಮ್ಮ ಕಪ್ಪುಹಲಗೆ ಕಲಿಸಿಲ್ಲ. ಒಳಗೆ ಏಳುವುದು, ಉಣ್ಣುವುದು, ಮಲಗುವುದು ಎಲ್ಲವೂ ಗಂಟೆಯ ಪ್ರಕಾರ ನಡೆಯುವುದರಿಂದ ತನ್ನ ಸಮಯವನ್ನು ತಾನೇ ಲೆಕ್ಕ ಹಾಕಿ, ಗುರುವಾರ ಕೊಡುತ್ತೇನೆ ಎಂದು ಇನ್ನೊಬ್ಬರಿಗೆ ಮಾತು ಕೊಡುವ ಸಂದರ್ಭವೇ ಬಂದಿಗಳಿಗೆ ಒದಗುವುದಿಲ್ಲ. ಮೊದಮೊದಲು ಎಲ್ಲರೂ ನಾಳೆಯೇ ಕೊಡುತ್ತೇವೆ ಎನ್ನುತ್ತಿದ್ದರು, ಕೊಡಲಾಗದೆ ಬೈಸಿಕೊಳ್ಳುತ್ತಿದ್ದರು. ಬೈಸಿಕೊಂಡಾಗ ಸಿಟ್ಟು ನುಂಗಿ, ಬಟ್ಟೆಯನ್ನು ಮತ್ತೆ ಬಿಚ್ಚಿ ಹೊಲಿದುಕೊಡುವುದು ಕೂಡ ಕಸುಬಿನ ಭಾಗವೇ. ಸಿಟ್ಟಿನ ಒಂದು ಗಳಿಗೆಯಿಂದಲೇ ಒಳಗೆ ಬಂದವರಿಗೆ ಇದಕ್ಕಿಂತ ಉಪಯುಕ್ತ ಪಾಠ ನನಗೆ ತೋಚುವುದಿಲ್ಲ.

ಕೂಲಿಯ ವಿಷಯದಲ್ಲಿ ನಮ್ಮ ರಾಜ್ಯದ ಪರಿಸ್ಥಿತಿ ಉತ್ತಮವಾಗಿದೆ. ಬಂದಿಗಳ ದುಡಿಮೆಗೆ ನ್ಯಾಯಯುತ ಕೂಲಿ ಕೊಡಬೇಕು, ಅದರಲ್ಲಿ ಒಂದು ಪಾಲು ಅಪರಾಧದಿಂದ ನೊಂದವರಿಗೆ ಪರಿಹಾರವಾಗಿ ಸಲ್ಲುವಂತಿರಬೇಕು ಎಂದು ಸುಪ್ರೀಂ ಕೋರ್ಟ್ ಗುಜರಾತಿನ ಪ್ರಕರಣದಲ್ಲಿ 1998ರಲ್ಲೇ ಹೇಳಿತ್ತು. 2023ರ ಆರಂಭದಲ್ಲಿ ಕರ್ನಾಟಕದಲ್ಲಿ ಆದ ಪರಿಷ್ಕರಣೆಯಲ್ಲಿ ಆರಂಭದ ಹಂತದ ಬಂದಿಗೆ ದಿನಕ್ಕೆ 524 ರೂಪಾಯಿ, ಅತಿ ಕುಶಲ ಹಂತದವರಿಗೆ 663 ರೂಪಾಯಿ ನಿಗದಿಯಾಯಿತು. ಈ ಹಣ ಸರಿಯಾಗಿ ಉಳಿದರೆ ಬಿಡುಗಡೆಯ ದಿನ ಒಂದು ಒಳ್ಳೆಯ ಪವರ್ ಮಷೀನ್ ಕೊಳ್ಳಲು ಸಾಕು. ಉಳಿಯಬೇಕಾದರೆ ಬ್ಯಾಂಕ್ ಖಾತೆ ಚಾಲ್ತಿಯಲ್ಲಿರಬೇಕು, ಆಧಾರ್ ಕೈಯಲ್ಲಿರಬೇಕು. ಬಂಧನದ ಗಡಿಬಿಡಿಯಲ್ಲಿ ಕಾಗದಪತ್ರ ಕಳೆದುಕೊಂಡವರು, ಮನೆಯವರೊಡನೆ ಸಂಪರ್ಕವೇ ಕಡಿದುಹೋದವರು ಇಲ್ಲಿ ಬಹಳ ಮಂದಿ. ತರಬೇತಿಗೆ ಹೆಸರು ಬರೆಸುವ ದಿನವೇ ಈ ಕಾಗದಗಳ ಸ್ಥಿತಿಯನ್ನು ವಿಚಾರಿಸುವುದನ್ನು ನಾವೀಗ ರೂಢಿ ಮಾಡಿಕೊಂಡಿದ್ದೇವೆ, ಏಕೆಂದರೆ ಬಿಡುಗಡೆಯ ವಾರದಲ್ಲಿ ಇದನ್ನು ಹೊಂದಿಸಲು ಸಾಧ್ಯವಾಗುವುದಿಲ್ಲ. ಪ್ರಮಾಣಪತ್ರದ ಮೇಲೂ ತರಬೇತಿಯ ಹೆಸರು, ಅವಧಿ, ಪ್ರಮಾಣೀಕರಿಸಿದ ಸಂಸ್ಥೆ ಇದ್ದರೆ ಸಾಕು. ಕಾರಾಗೃಹದ ಹೆಸರನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿದ ಪ್ರಮಾಣಪತ್ರವನ್ನು ಯಾರೂ ಮಾಲೀಕರಿಗೆ ತೋರಿಸುವುದಿಲ್ಲ.

ಬಿಡುಗಡೆಯ ದಿನಾಂಕವೂ ಒಂದು ತೊಡಕು. ಮರಣದಂಡನೆಗೂ ಅವಕಾಶವಿರುವ ಅಪರಾಧಕ್ಕಾಗಿ ಜೀವಾವಧಿ ಶಿಕ್ಷೆಗೆ ಒಳಗಾದವರು 14 ವರ್ಷ ಪೂರೈಸದೆ ಹೊರಬರುವಂತಿಲ್ಲ. ಆನಂತರ ಸನ್ನಡತೆಯ ಆಧಾರದ ಅವಧಿಪೂರ್ವ ಬಿಡುಗಡೆಯ ಆದೇಶ ಯಾವಾಗ ಬಂದೀತೆಂದು ಅವರಿಗೂ ಗೊತ್ತಿರುವುದಿಲ್ಲ, ನಮಗೂ ಗೊತ್ತಿರುವುದಿಲ್ಲ. ಅಷ್ಟು ಕಾಲ ಒಳಗಿದ್ದವರ ಪಾಲಿಗೆ ಹೊರಗಿನ ಕಸುಬು ಬದಲಾಗಿರುತ್ತದೆ. ಯುಪಿಐ ಬಂದದ್ದೇ 2016ರಲ್ಲಿ. ಅದಕ್ಕೂ ಮೊದಲು ಒಳಬಂದವರು ಅಂಗಡಿಯ ಮುಂದೆ ಅಂಟಿಸಿದ ಕ್ಯೂಆರ್ ಕೋಡ್ ಏನೆಂದು ಕಂಡವರಲ್ಲ. ಪೆರೋಲ್ ಮೇಲೆ ಹೋಗಿ ಬಂದವರನ್ನು ಕೂರಿಸಿಕೊಂಡು, ಊರಿನ ಟೈಲರ್ ಅಂಗಡಿಯಲ್ಲಿ ಏನು ಕಂಡಿರಿ, ಯಾವ ಮಷೀನ್ ಇತ್ತು, ಪ್ಯಾಂಟಿಗೆ ಎಷ್ಟು ಕೂಲಿ ಹೇಳಿದರು ಎಂದು ಎಲ್ಲರೆದುರು ಹೇಳಿಸುತ್ತೇವೆ. ಮಾರುಕಟ್ಟೆಯ ತಾಜಾ ಸುದ್ದಿ ತರಲು ನಮಗಿರುವ ದಾರಿ ಅದೇ.

ಬೇರೆ ರಾಜ್ಯಗಳ ಪ್ರಯೋಗಗಳನ್ನು ನೋಡಿದಾಗಲೂ ಹೊರಗಿನ ಲೋಕದೊಡನೆ ನಂಟು ಇರಬೇಕೆಂಬ ಇದೇ ಅಂಶ ನನಗೆ ಎದ್ದು ಕಾಣುತ್ತದೆ. ಕೇರಳದ ಜೈಲುಗಳ ಚಪಾತಿ ಸಾರ್ವಜನಿಕರ ಕೈಗೆ ಹೋಗುತ್ತದೆ. ತೆಲಂಗಾಣದ ಕಾರಾಗೃಹ ಇಲಾಖೆಯ ಪೆಟ್ರೋಲ್ ಬಂಕ್‌ಗಳಲ್ಲಿ ಬಂದಿಗಳೂ ಬಿಡುಗಡೆಯಾದವರೂ ಗಿರಾಕಿಗಳ ನಡುವೆ ನಿಂತು ಕೆಲಸ ಮಾಡುತ್ತಾರೆ. ಜೈಪುರದ ಸಾಂಗಾನೇರ್ ಬಯಲು ಬಂದೀಖಾನೆಯಲ್ಲಿ ಬಂದಿಗಳು ಕುಟುಂಬದೊಡನೆ ವಾಸಿಸುತ್ತ, ಹೊರಗೆ ತಾವೇ ಕೆಲಸ ಹುಡುಕಿಕೊಂಡು ದುಡಿದು ಬರುತ್ತಾರೆ. ನಮ್ಮಲ್ಲೂ ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿ ಬಯಲು ಬಂದೀಖಾನೆ ಇದೆ. ಅಲ್ಲಿನ ಕೆಲಸ ಮುಖ್ಯವಾಗಿ ಬೇಸಾಯ. ಅದೇ ಬಗೆಯ ವ್ಯವಸ್ಥೆ ಹೊಲಿಗೆ, ಮರಗೆಲಸದಂಥ ಪೇಟೆಯ ಕಸುಬುಗಳಿಗೂ ದೊರೆತರೆ ನನ್ನಂಥ ಬೋಧಕರ ಅರ್ಧ ಕೆಲಸ ಹಗುರಾಗುತ್ತದೆ.

ಇನ್ನು, ಹೊಲಿಗೆ ವಿಭಾಗದ ಬಾಗಿಲಿಗೇ ಬಾರದವರ ವಿಷಯ. 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿದ್ದ ಸುಮಾರು 5.73 ಲಕ್ಷ ಮಂದಿಯಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನರು. ಅವರನ್ನು ಕಡ್ಡಾಯವಾಗಿ ದುಡಿಸುವಂತಿಲ್ಲ. ಜಾಮೀನು ಯಾವಾಗ ಸಿಗುವುದೋ ತಿಳಿಯದ ಕಾರಣ ದೀರ್ಘ ತರಬೇತಿಗೂ ಅವರನ್ನು ಸೇರಿಸಿಕೊಳ್ಳುವುದಿಲ್ಲ. ಹೀಗಾಗಿ ತರಬೇತಿ ಎಂಬುದು ಜೈಲಿನಲ್ಲಿರುವ ಹೆಚ್ಚಿನವರ ಪಾಲಿಗೆ ಇಲ್ಲವೇ ಇಲ್ಲ. ಅವರಿಗಾಗಿ ನಾವು ಆಲ್ಟರೇಷನ್ ಕೆಲಸವನ್ನಷ್ಟೇ ಬೇರ್ಪಡಿಸಿ ಕಲಿಸುತ್ತೇವೆ: ರೆಡಿಮೇಡ್ ಪ್ಯಾಂಟಿನ ಉದ್ದ ಕತ್ತರಿಸಿ ಮಡಿಸುವುದು, ಸೊಂಟ ಹಿಡಿಸುವುದು, ಜಿಪ್ ಬದಲಿಸುವುದು, ಶರ್ಟಿನ ಬದಿ ತೆಗೆಯುವುದು. ಕಲಿಯುವ ಮನಸ್ಸಿದ್ದವರಿಗೆ ಕೆಲವು ವಾರ ಸಾಕು. ಒಂದೊಂದೂ ಸ್ವತಂತ್ರ ಪಾಠವಾದ್ದರಿಂದ ನಡುವೆ ಜಾಮೀನು ಸಿಕ್ಕಿ ಹೋದರೂ ಕಲಿತಷ್ಟು ಕೈಯಲ್ಲಿ ಉಳಿಯುತ್ತದೆ. ಜನ ರೆಡಿಮೇಡ್ ಕೊಳ್ಳುವುದು ಹೆಚ್ಚಾದಂತೆ ಪೇಟೆಯ ಫುಟ್‌ಪಾತಿನಲ್ಲಿ ಒಂದೇ ಮಷೀನ್ ಇಟ್ಟುಕೊಂಡು ಈ ಕೆಲಸ ಮಾಡುವವರಿಗೆ ಬಿಡುವಿಲ್ಲ ಎಂಬುದನ್ನು ಎಲ್ಲರೂ ನೋಡಿದ್ದೇವೆ.

ಬಿಡುಗಡೆಯಾದವರನ್ನು ಕೆಲಸಕ್ಕೆ ಸೇರಿಸಿಕೊಳ್ಳಲು ಮನಸ್ಸಿರುವ ಟೈಲರ್ ಅಂಗಡಿಗಳವರಿಗೂ ಗಾರ್ಮೆಂಟ್ಸ್ ಘಟಕಗಳವರಿಗೂ ನನ್ನದೊಂದು ವಿನಂತಿ. ನಿಮ್ಮ ಜಿಲ್ಲೆಯ ಕಾರಾಗೃಹದ ಅಧೀಕ್ಷಕರಿಗೆ ಪತ್ರ ಬರೆದು, ನಿಮ್ಮಲ್ಲಿ ಯಾವ ಮಷೀನ್ ಇದೆ, ಯಾವ ಬಗೆಯ ಹೊಲಿಗೆ ಬೇಕು, ಪೀಸ್ ಲೆಕ್ಕದಲ್ಲಿ ಎಷ್ಟು ಕೊಡುತ್ತೀರಿ ಎಂಬುದನ್ನು ತಿಳಿಸಿ. ಸಾಧ್ಯವಾದರೆ ಒಮ್ಮೆ ನಿಮ್ಮ ಕಟಿಂಗ್ ಮಾಸ್ಟರನ್ನು ಅನುಮತಿ ಪಡೆದು ಒಳಗೆ ಕಳುಹಿಸಿ, ಅವರು ಬಂದಿಗಳ ಕೆಲಸವನ್ನು ನೋಡಿ ತಪ್ಪು ಹೇಳಲಿ. ಆ ತಪ್ಪುಗಳನ್ನು ತಿದ್ದಿಸುವ ಹೊಣೆ ನಮ್ಮದು.