ಲೇಖನ ನಿಮ್ಮದು, ಹಕ್ಕು ಯಾರದು?

ಉಡುಪಿಯ ನಮ್ಮ ಕಾಲೇಜಿನ ಸಂಶೋಧನಾ ಪತ್ರಿಕೆಯನ್ನು ಇನ್ನು ಮುಂದೆ ಮುದ್ರಿಸದೆ, ಯಾರು ಬೇಕಾದರೂ ಹಣ ಕೊಡದೆ ಓದುವಂತೆ ಜಾಲತಾಣದಲ್ಲಿಯೇ ಹೊರತರಬೇಕೆಂದು ಸಂಪಾದಕ ಮಂಡಳಿ ತೀರ್ಮಾನಿಸಿದಾಗ, ಪ್ರಕಟಣಾ ನೀತಿಯ ಕರಡು ಬರೆಯುವ ಕೆಲಸ ಗ್ರಂಥಪಾಲಕಳಾದ ನನ್ನ ಪಾಲಿಗೆ ಬಂತು. ಸಭೆಯಲ್ಲಿ ಹೆಚ್ಚು ಹೊತ್ತು ಚರ್ಚೆ ನಡೆದದ್ದು ಮುಖಪುಟದ ವಿನ್ಯಾಸ, ಆನ್‌ಲೈನ್ ಆವೃತ್ತಿಗೆ ಪ್ರತ್ಯೇಕವಾಗಿ ಪಡೆಯಬೇಕಾದ ಐಎಸ್‌ಎಸ್‌ಎನ್ ಎಂಬ ಗುರುತಿನ ಸಂಖ್ಯೆ ಮತ್ತು ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದಾಗ ತೋರಿಸಬೇಕಾದ ಕಡತಗಳ ಬಗ್ಗೆ. ಲೇಖಕರ ಹಕ್ಕಿನ ವಿಚಾರ ಬಂದಾಗ ಮಾತ್ರ, "ಅದಕ್ಕೇನು ಮೇಡಂ, ಬೇರೆ ಯಾವುದಾದರೂ ಪತ್ರಿಕೆಯದ್ದನ್ನು ನೋಡಿ ಹಾಕಿದರಾಯಿತು" ಎಂಬ ಒಂದು ಮಾತಿಗೆ ಎಲ್ಲರೂ ತಲೆಯಾಡಿಸಿದರು. ಹಾಗೆ ನೋಡಿ ಹಾಕುವುದರಲ್ಲಿಯೇ ತೊಂದರೆ ಇದೆ ಎಂಬುದು ನನ್ನ ಅಭಿಪ್ರಾಯವಾದ್ದರಿಂದ ಈ ಬರಹ.

ಸಾಮಾನ್ಯವಾಗಿ ಕೈಯಿಂದ ಕೈಗೆ ದಾಟುತ್ತಾ ಬಂದಿರುವ, ಲೇಖಕರು ಪ್ರಕಾಶಕರಿಗೆ ಸಹಿ ಹಾಕಿಕೊಡುವ ಒಪ್ಪಿಗೆ ಪತ್ರದ ಒಕ್ಕಣೆ ಹೀಗಿರುತ್ತದೆ: ಮುದ್ರಣ, ಮರುಮುದ್ರಣ, ಅನುವಾದ, ವಿದ್ಯುನ್ಮಾನ ರೂಪ ಸೇರಿದಂತೆ ಲೇಖನದ ಸಮಸ್ತ ಹಕ್ಕುಗಳನ್ನು, ಜಗತ್ತಿನ ಎಲ್ಲ ಕಡೆಗೂ ಅನ್ವಯಿಸುವಂತೆ, ಕೃತಿಸ್ವಾಮ್ಯದ (ಕಾಪಿರೈಟ್) ಪೂರ್ಣ ಅವಧಿಗೆ, ಯಾವ ಸಂಭಾವನೆಯೂ ಇಲ್ಲದೆ ಪ್ರಕಾಶಕರಿಗೆ ವರ್ಗಾಯಿಸಿದ್ದೇನೆ. ಓದುಗರಿಂದ ಚಂದಾ ಪಡೆದು ನಡೆಯುವ ಪತ್ರಿಕೆಗಳು ತಮ್ಮ ವ್ಯಾಪಾರವನ್ನು ಕಾಪಾಡಿಕೊಳ್ಳಲು ರೂಢಿಸಿಕೊಂಡ ಒಕ್ಕಣೆ ಇದು. ಓದುಗರಿಗೆ ಬಾಗಿಲು ತೆರೆದಿದ್ದೇವೆ ಎಂದು ಹೇಳಿಕೊಳ್ಳುವ ಎಷ್ಟೋ ಪತ್ರಿಕೆಗಳೂ ಇದನ್ನೇ ಇಟ್ಟುಕೊಂಡು, ಕೆಳಗೆ, ಎಲ್ಲರಿಗೂ ಮರುಬಳಕೆಯ ಅನುಮತಿ ಕೊಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಚಿಹ್ನೆಯೊಂದನ್ನು ಅಂಟಿಸುತ್ತವೆ. ಓದುಗರಿಗೆ ಇದರಿಂದ ನಷ್ಟವೇನೂ ಕಾಣುವುದಿಲ್ಲ. ಆದರೆ ಬರೆದವರು ತಮ್ಮದೇ ಲೇಖನದ ಎದುರು ದಾರಿಹೋಕ ಓದುಗನಷ್ಟೇ ಹಕ್ಕುಳ್ಳವರಾಗಿ ನಿಲ್ಲುತ್ತಾರೆ. ಪರವಾನಗಿಯಲ್ಲಿ ವಾಣಿಜ್ಯ ಬಳಕೆಗೆ ನಿರ್ಬಂಧವಿದ್ದರಂತೂ, ಹಕ್ಕು ಬರೆಸಿಕೊಂಡ ಪ್ರಕಾಶಕರು ಅದನ್ನು ಮಾರಬಹುದು, ಬರೆದವರು ತಮ್ಮ ಲೇಖನ ಸಂಕಲನವನ್ನು ಬೆಲೆಯಿಟ್ಟು ತರಬೇಕೆಂದರೆ ಅವರಲ್ಲಿ ಅನುಮತಿ ಕೇಳಬೇಕು. ಗದ್ದೆಯನ್ನು ಕ್ರಯಕ್ಕೆ ಬರೆದುಕೊಡುವುದಕ್ಕೂ ಗೇಣಿಗೆ ಕೊಡುವುದಕ್ಕೂ ಇರುವ ವ್ಯತ್ಯಾಸ ನಮ್ಮ ಜಿಲ್ಲೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಪ್ರಕಟಿಸುವುದಕ್ಕೆ ಪತ್ರಿಕೆಗೆ ಬೇಕಾದದ್ದು ಗೇಣಿಯಷ್ಟೇ, ಬರೆಸಿಕೊಳ್ಳುತ್ತಿರುವುದು ಕ್ರಯಪತ್ರ.

ಸಂಶೋಧನೆಯನ್ನು ಹಣ ಕೊಡದೆ ಎಲ್ಲರೂ ಓದುವಂತಿರಬೇಕೆಂಬ ಮುಕ್ತ ಪ್ರವೇಶದ (ಓಪನ್ ಆಕ್ಸೆಸ್) ಚಿಂತನೆ ಹುಟ್ಟಿದ್ದು ಇಂತಹ ವ್ಯವಸ್ಥೆಗಾಗಿ ಅಲ್ಲ. 2002ರ ಫೆಬ್ರವರಿಯಲ್ಲಿ ಮುಕ್ತ ಪ್ರವೇಶದ ಬಗ್ಗೆ ಹೊರಬಂದ ಬುಡಾಪೆಸ್ಟ್ ಘೋಷಣೆ ಕೃತಿಸ್ವಾಮ್ಯಕ್ಕೆ ಈ ಕ್ಷೇತ್ರದಲ್ಲಿ ಇರಬೇಕಾದ ಪಾತ್ರವನ್ನು ಬಹಳ ಕಿರಿದಾಗಿ ಗುರುತಿಸಿತು: ತಮ್ಮ ಬರಹದ ಸಮಗ್ರತೆಯ ಮೇಲೆ ಲೇಖಕರಿಗೆ ಹಿಡಿತವಿರಬೇಕು, ಮತ್ತು ಅವರ ಹೆಸರನ್ನು ಸರಿಯಾಗಿ ಉಲ್ಲೇಖಿಸಬೇಕು. ಈ ಎರಡೂ ಲೇಖಕರ ಕಡೆಯ ಹಕ್ಕುಗಳು. ಪ್ರಕಾಶಕರ ಹಿಡಿತದ ಮಾತು ಅಲ್ಲಿಲ್ಲ.

ನಮ್ಮ ದೇಶದ ಕಾನೂನು ಕೂಡ ಈ ವಿಷಯದಲ್ಲಿ ಲೇಖಕರ ಪರವಾಗಿ ಹೆಚ್ಚು ಯೋಚಿಸಿದೆ ಎಂಬುದು ಅಧ್ಯಾಪಕರಲ್ಲಿ ಅನೇಕರಿಗೆ ಗೊತ್ತಿಲ್ಲ. 1957ರ ಕೃತಿಸ್ವಾಮ್ಯ ಅಧಿನಿಯಮದ 19ನೇ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಅದಕ್ಕೆ ಲೇಖಕರ ಅಥವಾ ಅವರಿಂದ ಅಧಿಕಾರ ಪಡೆದವರ ಸಹಿ ಇರಬೇಕು, ಮತ್ತು ಯಾವ ಕೃತಿ, ಯಾವ ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶಕ್ಕೆ ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ಅವಧಿಯನ್ನು ನಮೂದಿಸದಿದ್ದರೆ ಅದು 5 ವರ್ಷ ಎಂದೇ ಭಾವಿಸಲಾಗುತ್ತದೆ. ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಸೀಮಿತ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ರೀತಿ ಹೇಳಿರದ ಪಕ್ಷದಲ್ಲಿ, ಆ ಹಕ್ಕಿನ ವರ್ಗಾವಣೆ ರದ್ದಾಗುತ್ತದೆ. ಹಾಗಾಗಿಯೇ ವೃತ್ತಿಪರ ಪ್ರಕಾಶಕರ ಪತ್ರಗಳಲ್ಲಿ "ಜಗತ್ತಿನಾದ್ಯಂತ" ಮತ್ತು "ಪೂರ್ಣ ಅವಧಿಗೆ" ಎಂಬ ಪದಗಳು ತಪ್ಪದೆ ಇರುತ್ತವೆ. ಅವು ಶೋಭೆಗಾಗಿ ಸೇರಿಸಿದ ಪದಗಳಲ್ಲ. ಅವಿಲ್ಲದೆ ಹೋದರೆ ಕಾನೂನು ಲೇಖಕರ ಕಡೆಗೆ ವಾಲುತ್ತದೆ. ಇನ್ನು 57ನೇ ಕಲಮು, ಹಕ್ಕನ್ನೆಲ್ಲ ಬರೆದುಕೊಟ್ಟ ಮೇಲೂ ಈ ಲೇಖನ ನನ್ನದು ಎಂದು ಹೇಳಿಕೊಳ್ಳುವ ಮತ್ತು ತನ್ನ ಗೌರವಕ್ಕೆ ಕುಂದು ಬರುವಂತೆ ಅದನ್ನು ತಿರುಚಿದರೆ ತಡೆಯುವ ವಿಶೇಷ ಹಕ್ಕನ್ನು ಲೇಖಕರಲ್ಲಿಯೇ ಉಳಿಸುತ್ತದೆ.

ಆದ್ದರಿಂದ ನಮ್ಮ ಕರಡಿನಲ್ಲಿ ಕೃತಿಸ್ವಾಮ್ಯ ಲೇಖಕರದ್ದೇ ಎಂದು ಬರೆದು, ಮೊದಲ ಬಾರಿಗೆ ಪ್ರಕಟಿಸುವ ಹಕ್ಕನ್ನು ಮಾತ್ರ ಪತ್ರಿಕೆಗೆ ಕೇಳಿದ್ದೇನೆ. ಓದುಗರಿಗೆ ಯಾವ ಪರವಾನಗಿ ಕೊಡಬೇಕೆಂಬುದು ಅಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ಸಿಸಿ ಬೈ ಎಂದು ಕರೆಯುವ ಪರವಾನಗಿಯಲ್ಲಿ ಹೆಸರು ಉಲ್ಲೇಖಿಸಿದರೆ ಸಾಕು, ಯಾರು ಯಾವುದಕ್ಕೆ ಬೇಕಾದರೂ ಬಳಸಬಹುದು. ಇದಕ್ಕೆ ಎನ್‌ಸಿ ಸೇರಿದರೆ ವಾಣಿಜ್ಯ ಬಳಕೆಯಿಲ್ಲ. ಎನ್‌ಡಿ ಸೇರಿದರೆ ಮಾರ್ಪಡಿಸಿದ ರೂಪವನ್ನು ಹಂಚುವಂತಿಲ್ಲ. ನಮ್ಮ ಮಂಡಳಿಯ ಹಿರಿಯರೊಬ್ಬರಿಗೆ ಎನ್‌ಡಿ ಬಹಳ ಹಿಡಿಸಿತು, ಏಕೆಂದರೆ ತಾವು ಬರೆದದ್ದನ್ನು ಯಾರೂ ಕೆಡಿಸಬಾರದು ಎಂಬುದು ಅವರ ಕಾಳಜಿ. ಆದರೆ ಅನುವಾದವೂ ಮಾರ್ಪಾಡಿನ ಲೆಕ್ಕಕ್ಕೇ ಬರುತ್ತದೆ. ಮೀನುಗಾರಿಕೆಯ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಲೇಖನವನ್ನು ಮಲ್ಪೆಯ ಮೀನುಗಾರರ ಸಂಘವೊಂದು ಕನ್ನಡಕ್ಕೆ ತಂದು ತನ್ನ ಸದಸ್ಯರಿಗೆ ಹಂಚಬೇಕೆಂದರೆ, ಎನ್‌ಡಿ ಇರುವಲ್ಲಿ ಪ್ರತಿ ಬಾರಿಯೂ ಅನುಮತಿ ಪತ್ರಕ್ಕೆ ಕಾಯಬೇಕಾಗುತ್ತದೆ. ಎರಡು ಮೂರು ಭಾಷೆಗಳಲ್ಲಿ ಬದುಕುವ ಕರಾವಳಿಯಲ್ಲಿ ಇಂತಹ ನಿರ್ಬಂಧ ನನಗೆ ಸರಿಕಾಣಲಿಲ್ಲ. ಕೆಡಿಸುವವರ ವಿರುದ್ಧ 57ನೇ ಕಲಮು ಹೇಗೂ ಇದೆ ಎಂದ ಮೇಲೆ ಆ ಹಿರಿಯರೂ ಒಪ್ಪಿದರು. ಒಮ್ಮೆ ಕೊಟ್ಟ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನು, ನಿಯಮ ಪಾಲಿಸುತ್ತಿರುವ ಓದುಗರಿಂದ ಹಿಂಪಡೆಯಲು ಬರುವುದಿಲ್ಲ ಎಂಬುದನ್ನು ಲೇಖಕರಿಗೆ ಮೊದಲೇ ತಿಳಿಸಬೇಕೆಂದೂ ಸೇರಿಸಿದ್ದೇವೆ.

ಇಷ್ಟರ ನಡುವೆ, ಯಾವ ಮಾದರಿ ನೀತಿಯಲ್ಲಿಯೂ ಉತ್ತರ ಸಿಗದ ಪ್ರಶ್ನೆಯೊಂದು ನಮ್ಮ ನೆಲದಿಂದಲೇ ಎದ್ದುಬಂತು. ಪತ್ರಿಕೆಗೆ ಬರುವ ಲೇಖನಗಳಲ್ಲಿ ಗಣನೀಯ ಪಾಲು ಪಾಡ್ದನ, ಓಬೇಲೆಯಂತಹ ತುಳು ಜನಪದ ಹಾಡುಗಳು, ದೈವಾರಾಧನೆ, ಯಕ್ಷಗಾನ ಕುರಿತಾದವು. ನೇಜಿ (ಭತ್ತದ ಸಸಿ) ನೆಡುತ್ತಾ ಹಾಡುವ ಅಜ್ಜಿಯೊಬ್ಬರ ಪಾಡ್ದನವನ್ನು ಮೊಬೈಲಿನಲ್ಲಿ ದಾಖಲಿಸಿ, ಅದರ ಪೂರ್ಣ ಪಠ್ಯವನ್ನು ಅನುಬಂಧವಾಗಿ ಕೊಟ್ಟು, ಧ್ವನಿಮುದ್ರಣದ ಕೊಂಡಿಯನ್ನೂ ಲಗತ್ತಿಸಿ ಲೇಖನ ಕಳುಹಿಸಿದವರು ಇಡೀ ಕಡತವನ್ನು ಸಿಸಿ ಬೈ ಅಡಿಯಲ್ಲಿ ಬಿಡುಗಡೆ ಮಾಡಲು ಹೊರಟರೆ, ಅವರು ಕೊಡುತ್ತಿರುವುದು ಯಾರ ಹಕ್ಕನ್ನು? ವಿಶ್ಲೇಷಣೆ ಸಂಶೋಧಕರದ್ದು, ಹಾಡಿದ್ದು ಅಜ್ಜಿ. ಹಾಡು ತಲೆಮಾರುಗಳಿಂದ ಬಂದದ್ದಾದರೂ ಹಾಡಿದ ಪ್ರದರ್ಶನಕ್ಕೆ ನಮ್ಮ ಅಧಿನಿಯಮದ 38ನೇ ಕಲಮು ಪ್ರದರ್ಶಕರ ಹಕ್ಕನ್ನು 50 ವರ್ಷಗಳ ಕಾಲ ನೀಡುತ್ತದೆ, ಮತ್ತು 2012ರ ತಿದ್ದುಪಡಿಯ ನಂತರ ತಮ್ಮ ಹೆಸರು ಹೇಳಬೇಕೆಂದು ಕೇಳುವ ಹಕ್ಕೂ ಅವರಿಗಿದೆ. ಪ್ರಾಮಾಣಿಕವಾದ ಬೋಧನೆ ಅಥವಾ ಸಂಶೋಧನೆಗಾಗಿಯೇ ದಾಖಲಿಸಿದರೆ ಉಲ್ಲಂಘನೆಯಾಗದು ಎಂದು 39ನೇ ಕಲಮು ಹೇಳುತ್ತದೆ, ನಿಜ. ಆದರೆ ಆ ಧ್ವನಿಯನ್ನು ಯಾರು ಬೇಕಾದರೂ ಸಿನಿಮಾಕ್ಕೆ, ಜಾಹೀರಾತಿಗೆ ಬಳಸಬಹುದೆಂದು ಮೂರನೆಯವರಿಗೆ ಪರವಾನಗಿ ಕೊಡುವುದು ಸಂಶೋಧನೆಯ ಗೆರೆಯನ್ನು ದಾಟಿದಂತೆಯೇ. ಕಾನೂನಿನ ಮಾತು ಹಾಗಿರಲಿ, ದೈವ ಆಡುವ ನುಡಿಗಟ್ಟಿನಲ್ಲಿ ಹೊರಗಿನವರ ಕಿವಿಗೆ ಬೀಳಬಾರದೆಂದು ಆರಾಧನೆ ನಡೆಸುವ ಕಟ್ಟಿನವರು ಭಾವಿಸುವ ಭಾಗಗಳೂ ಇರುತ್ತವೆ. ಅವನ್ನು ಹಾಳೆಗಿಳಿಸುವ ಮೊದಲು ಅವರನ್ನು ಕೇಳುವುದು ಮರ್ಯಾದೆ.

ಹೀಗಾಗಿ ಕರಡಿನಲ್ಲಿ ಒಂದು ಪ್ರತ್ಯೇಕ ಷರತ್ತು ಬಂತು. ಲೇಖನದೊಳಗಿನ ಹಾಡು, ಸಂದರ್ಶನ, ಛಾಯಾಚಿತ್ರ, ಧ್ವನಿ ಮುಂತಾದ ಪರರ ಸಾಮಗ್ರಿ ಪತ್ರಿಕೆಯ ಪರವಾನಗಿಗೆ ಒಳಪಡುವುದಿಲ್ಲ. ಅವುಗಳಿಗೆ ಹಾಡಿದವರ, ಹೇಳಿದವರ ಒಪ್ಪಿಗೆಯನ್ನು ಲೇಖಕರು ಪಡೆದಿರಬೇಕು. ಒಪ್ಪಿಗೆ ಪತ್ರವನ್ನು ತುಳು ಅಥವಾ ಕನ್ನಡದಲ್ಲಿ ಓದಿ ಹೇಳಿರಬೇಕು. ಅವರು ಬೇಡವೆನ್ನದ ಹೊರತು ಅವರ ಹೆಸರನ್ನು ಅಡಿಟಿಪ್ಪಣಿಯಲ್ಲಿ ಹುದುಗಿಸದೆ ಪಠ್ಯದ ತಲೆಯಲ್ಲಿ ಕೊಡಬೇಕು. ಈ ಷರತ್ತಿನಿಂದ ಲೇಖನಗಳು ತಡವಾಗುತ್ತವೆ ಎಂಬ ಆಕ್ಷೇಪ ಬಂದಿದೆ. ತಡವಾಗಲಿ.

ಲೇಖಕರು ತಮ್ಮದೇ ಲೇಖನವನ್ನು ಬೇರೆಡೆ ಇಡಬಹುದೇ ಎಂಬುದು ಇನ್ನೊಂದು ಗೊಂದಲ. ಮಂಗಳೂರಿನ ಕೊಣಾಜೆಯಲ್ಲಿ ಪಿಎಚ್‌ಡಿ ಮಾಡುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಚೆಗೆ ಬಂದು, "ಮೇಡಂ, ಪ್ರಕಟವಾದ ಲೇಖನವನ್ನೇ ಪ್ರಬಂಧದ ಒಂದು ಅಧ್ಯಾಯ ಮಾಡಿದ್ದೇನೆ, ಶೋಧಗಂಗಾಕ್ಕೆ ಹಾಕಿದರೆ ಪ್ರಕಾಶಕರು ತಕರಾರು ಮಾಡುತ್ತಾರಾ?" ಎಂದು ಕೇಳಿದಳು. ಶೋಧಗಂಗಾ ಎಂದರೆ ದೇಶದ ಪಿಎಚ್‌ಡಿ ಪ್ರಬಂಧಗಳನ್ನು ಇಡುವ ಜಾಲತಾಣ. ಉತ್ತರ ಇರುವುದು ಆಕೆ ಸಹಿ ಹಾಕಿದ ಪತ್ರದಲ್ಲಿ; ಅದರ ಪ್ರತಿಯನ್ನೇ ಆಕೆ ಇಟ್ಟುಕೊಂಡಿರಲಿಲ್ಲ. ಇಂತಹ ವೇಳೆ ಹಿಂದೆ ಷೆರ್ಪಾ ರೋಮಿಯೋ ಎಂದಿದ್ದು ಈಗ ಓಪನ್ ಪಾಲಿಸಿ ಫೈಂಡರ್ ಎಂಬ ಹೆಸರಿನಲ್ಲಿರುವ ಜಾಲತಾಣ ನೆರವಿಗೆ ಬರುತ್ತದೆ. ಪತ್ರಿಕೆಯ ಹೆಸರು ಕೊಟ್ಟರೆ, ತಜ್ಞರ ವಿಮರ್ಶೆಗೆ ಮೊದಲಿನ ಕರಡು, ವಿಮರ್ಶೆಯ ನಂತರ ಸ್ವೀಕೃತವಾದ ಹಸ್ತಪ್ರತಿ, ಪುಟವಿನ್ಯಾಸಗೊಂಡ ಅಂತಿಮ ರೂಪ, ಈ ಮೂರರಲ್ಲಿ ಯಾವುದನ್ನು, ಎಲ್ಲಿ, ಎಷ್ಟು ತಿಂಗಳ ನಂತರ ಇಡಬಹುದೆಂದು ಅದು ತೋರಿಸುತ್ತದೆ. ಬಹುತೇಕ ಸಂದರ್ಭಗಳಲ್ಲಿ ಸ್ವೀಕೃತ ಹಸ್ತಪ್ರತಿಗೆ ಯಾವುದೋ ರೀತಿಯಲ್ಲಿ ದಾರಿ ಇರುತ್ತದೆ; ಪುಟವಿನ್ಯಾಸದ ಪಿಡಿಎಫ್ ಹಾಕಿದಾಗಲೇ ಕಿರಿಕಿರಿ ಶುರುವಾಗುವುದು. ನಮ್ಮ ಪತ್ರಿಕೆಯಲ್ಲಿ ಮೂರನ್ನೂ ಯಾವಾಗ ಬೇಕಾದರೂ, ಎಲ್ಲಿ ಬೇಕಾದರೂ ಇಟ್ಟುಕೊಳ್ಳಬಹುದು.

ಹಣದ ಮಾತನ್ನು ಬೇಗ ಮುಗಿಸುತ್ತೇನೆ. ಲೇಖಕರಿಂದ ಶುಲ್ಕ ಪಡೆಯುವುದೇ ಮುಕ್ತ ಪ್ರವೇಶದ ಲಕ್ಷಣ ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ಬೇರೂರಿದೆ. ಓದುವವರಿಂದಲೂ ಬರೆಯುವವರಿಂದಲೂ ಹಣ ಪಡೆಯದೆ ಸಂಸ್ಥೆಯೇ ಖರ್ಚು ಹೊರುವ ಪತ್ರಿಕೆಗಳು ಧಾರಾಳವಾಗಿವೆ. ನಮ್ಮದೂ ಅದೇ ದಾರಿ. ಶುಲ್ಕದ ಆಸೆಗೆ ಹುಟ್ಟಿಕೊಂಡ ಅಣಬೆ ಪತ್ರಿಕೆಗಳ ಕಾಟ ಎಷ್ಟಿತ್ತೆಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರ ಮೇ ತಿಂಗಳಲ್ಲಿ ತಾನು ಮಾನ್ಯ ಮಾಡಿದ ಪತ್ರಿಕೆಗಳ ಪಟ್ಟಿಯಿಂದ 4305 ಪತ್ರಿಕೆಗಳನ್ನು ಒಮ್ಮೆಗೇ ಕಿತ್ತುಹಾಕಬೇಕಾಯಿತು. ಅನಂತರ ಬಂದ ಕೇರ್ ಎಂಬ ಹೊಸ ಪಟ್ಟಿಯನ್ನೂ 2025ರ ಫೆಬ್ರವರಿಯಲ್ಲಿ ನಿಲ್ಲಿಸಿ, ಪತ್ರಿಕೆಯ ಗುಣಮಟ್ಟ ಅಳೆಯುವ ಹೊಣೆಯನ್ನು ಸಂಸ್ಥೆಗಳಿಗೇ ಬಿಡಲಾಗಿದೆ. ಪಟ್ಟಿಯಲ್ಲಿ ಹೆಸರಿದೆಯೇ ಎಂದಷ್ಟೇ ನೋಡುವ ಅಭ್ಯಾಸವಾದವರಿಗೆ ಇದು ಇರಿಸುಮುರಿಸು. ನನ್ನ ಮಟ್ಟಿಗೆ, ಒಂದು ಪತ್ರಿಕೆಯನ್ನು ತೂಗಲು ಹಕ್ಕಿನ ಪುಟವೇ ಒಳ್ಳೆಯ ತಕ್ಕಡಿ. ನಕಲಿ ಪತ್ರಿಕೆಗಳಲ್ಲಿ ಆ ಪುಟ ಒಂದೋ ಇರುವುದಿಲ್ಲ, ಇದ್ದರೂ ಮೇಲಿನ ಸಾಲು ಕೆಳಗಿನ ಸಾಲಿಗೆ ವಿರುದ್ಧವಾಗಿರುತ್ತದೆ.

ಕನ್ನಡ ಪತ್ರಿಕೆಗಳಿಗೆ ಇರುವ ಇನ್ನೊಂದು ತೊಡಕನ್ನು ಹೇಳಲೇಬೇಕು. ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚಾಗಿ ಪಿಡಿಎಫ್ ಆದ ಲೇಖನ ಕಣ್ಣಿಗೆ ಕನ್ನಡವಾಗಿಯೇ ಕಾಣುತ್ತದೆ. ಅದರಿಂದ ಒಂದು ಸಾಲನ್ನು ನಕಲು ಮಾಡಿ ಬೇರೆಡೆ ಅಂಟಿಸಿದರೆ ಬರುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಗೂಗಲ್ ಓದುವುದೂ ಆ ರಾಶಿಯನ್ನೇ. "ಭೂತಾರಾಧನೆ" ಎಂದು ಹುಡುಕುವವರಿಗೆ ಅದು ಸಿಗುವುದೇ ಇಲ್ಲ. ಇಂತಹ ಕಡತಕ್ಕೆ ಎಷ್ಟು ಉದಾರವಾದ ಪರವಾನಗಿ ಕೊಟ್ಟರೂ ಪ್ರಯೋಜನ ಅಷ್ಟಕ್ಕಷ್ಟೇ. ಎಲ್ಲ ಗಣಕಗಳೂ ಕನ್ನಡವೆಂದು ಗುರುತಿಸುವ ಯೂನಿಕೋಡ್‌ನಲ್ಲಿ ಇಲ್ಲದ ಹಸ್ತಪ್ರತಿಯನ್ನು ಸ್ವೀಕರಿಸುವುದಿಲ್ಲ ಎಂಬ ನಿಯಮ ನಮ್ಮ ನೀತಿಯಲ್ಲಿ ಹಕ್ಕಿನ ಪುಟದ ಪಕ್ಕದಲ್ಲಿಯೇ ಇದೆ. ಉಳಿವಿನ ವಿಚಾರವೂ ಇದಕ್ಕೆ ಅಂಟಿಕೊಂಡದ್ದು. 2000ದಿಂದ 2019ರ ನಡುವೆ ಜಗತ್ತಿನ ನೂರೈವತ್ತಕ್ಕೂ ಹೆಚ್ಚು ಮುಕ್ತ ಪ್ರವೇಶ ಪತ್ರಿಕೆಗಳು ಅಂತರ್ಜಾಲದಿಂದ ಕಾಣೆಯಾಗಿರುವುದನ್ನು ಸಂಶೋಧಕರು ಗುರುತಿಸಿದ್ದಾರೆ. ಕೃತಿಸ್ವಾಮ್ಯ ಲೇಖಕರಲ್ಲಿದ್ದು, ಪ್ರತಿಗಳನ್ನು ಅವರು ಬೇರೆಡೆಯೂ ಇಟ್ಟಿದ್ದರೆ, ಪತ್ರಿಕೆ ಮುಚ್ಚಿದರೂ ಲೇಖನ ಉಳಿಯುತ್ತದೆ.

ಇನ್ನು ಉಳಿದಿರುವುದು ಹಳೆಯ ಮುದ್ರಿತ ಸಂಚಿಕೆಗಳು. ಎಲ್ಲವನ್ನೂ ಸ್ಕ್ಯಾನ್ ಮಾಡಿ ಹಾಕಿಬಿಡೋಣ ಎಂಬ ಉತ್ಸಾಹ ಮಂಡಳಿಗಿದೆ. ಆದರೆ ಆ ಕಾಲದ ಲೇಖಕರು ಪೋಸ್ಟ್ ಕವರಿನಲ್ಲಿ ಲೇಖನ ಕಳುಹಿಸಿದರು, ನಾವು ಅಚ್ಚು ಹಾಕಿಸಿದೆವು, ಗೌರವ ಪ್ರತಿ ಕಳುಹಿಸಿದೆವು, ಅಷ್ಟೇ. ಯಾರೂ ಯಾವ ಪತ್ರಕ್ಕೂ ಸಹಿ ಹಾಕಿಲ್ಲ. ಬರಹದಲ್ಲಿಲ್ಲದ ವರ್ಗಾವಣೆ ಕಾನೂನಿನ ಕಣ್ಣಿನಲ್ಲಿ ವರ್ಗಾವಣೆಯಲ್ಲವಾದ್ದರಿಂದ ಆ ಲೇಖನಗಳ ಹಕ್ಕು ಇಂದಿಗೂ ಬರೆದವರದ್ದು, ಅವರು ತೀರಿಕೊಂಡಿದ್ದರೆ ಮುಂದಿನ 60 ವರ್ಷ ಅವರ ವಾರಸುದಾರರದ್ದು. ಹೀಗಾಗಿ ವಿಳಾಸ ಸಿಕ್ಕವರಿಗೆಲ್ಲ ಪತ್ರ ಬರೆಯುತ್ತಿದ್ದೇವೆ. ಕಾರ್ಕಳ, ಕುಂದಾಪುರ, ಪುತ್ತೂರಿನ ಕಡೆಯ ಮನೆಗಳಿಂದ ಮಕ್ಕಳು, ಸೊಸೆಯಂದಿರು ಫೋನ್ ಮಾಡಿ ವಿಚಾರಿಸುತ್ತಿದ್ದಾರೆ. ಸಹಿ ಮಾಡಿದ ಪತ್ರ ಬಂದ ಲೇಖನಗಳನ್ನು ಮೊದಲು ಹಾಕುವುದು, ಉಳಿದವುಗಳ ಶೀರ್ಷಿಕೆ, ಲೇಖಕರ ಹೆಸರು ಮತ್ತು ಪುಟಸಂಖ್ಯೆಯನ್ನು ಮಾತ್ರ ಕೊಟ್ಟು, ಮುದ್ರಿತ ಪ್ರತಿಯನ್ನು ಗ್ರಂಥಾಲಯಕ್ಕೆ ಬಂದು ಓದಬಹುದೆಂದು ತಿಳಿಸುವುದು ಎಂದು ಸದ್ಯಕ್ಕೆ ನಿಶ್ಚಯವಾಗಿದೆ.