ಹುಬ್ಬಳ್ಳಿಯ ಗುಡಿಸು

ಅಮರಗೋಳದ ಎಪಿಎಂಸಿಯಲ್ಲಿ ನಮ್ಮ ಕಾಕಾನ ದಲಾಲಿ ಅಂಗಡಿ ಇದೆ. ಯಾವ ಊರಿಂದ ಎಷ್ಟು ಚೀಲ ಮಾಲು ಬಂತು ಅಂತ ಬರೆದಿಡಲು ಸಿ ಭಾಷೆಯಲ್ಲಿ ಒಂದು ಸಣ್ಣ ಪ್ರೋಗ್ರಾಂ ಮಾಡಿಕೊಟ್ಟಿದ್ದೆ. ಊರ ಹೆಸರು ಕನ್ನಡದಲ್ಲೇ ಇರಬೇಕು ಅನ್ನೋದು ಕಾಕಾನ ಆಸೆ, ನನ್ನದೂ ಅದೇ.

ಒಂದು ಭಾನುವಾರ ಇಬ್ಬರೂ ಕೂತು ಹೆಸರು ತುಂಬಿಸಿದೆವು. ಗದಗ, ಹಾವೇರಿ, ಧಾರವಾಡ, ಕೊನೆಗೆ ಹುಬ್ಬಳ್ಳಿ. ಪಟ್ಟಿ ತೆಗೆದರೆ ನಾಲ್ಕೂ ಊರು ಚೆಂದ ಮೂಡಿದವು. ಅವುಗಳ ಕೆಳಗೇ 'ಸೆಗ್ಮೆಂಟೇಶನ್ ಫಾಲ್ಟ್'.

ಪ್ರೋಗ್ರಾಂ ತನ್ನದಲ್ಲದ ಮೆಮೊರಿಗೆ ಕೈ ಹಾಕಿದರೆ ಲಿನಕ್ಸ್ 11ನೇ ನಂಬರಿನ ಸಿಗ್ನಲ್ ಕಳಿಸಿ ನಿಲ್ಲಿಸಿಬಿಡುತ್ತೆ. ಇಷ್ಟು ಗೊತ್ತಿತ್ತು. ತಪ್ಪು ಹುಡುಕುವ ಸಾಧನ ಜಿಡಿಬಿಯಲ್ಲಿ ಓಡಿಸಿ, ಯಾವ ಫಂಕ್ಷನ್ನಿನಲ್ಲಿ ಬಿತ್ತು ಅಂತ ತೋರಿಸುವ ಬ್ಯಾಕ್‌ಟ್ರೇಸ್ ನೋಡಿದೆ. ಪಟ್ಟಿ ತೋರಿಸುವ ಫಂಕ್ಷನ್ನಿನಲ್ಲಿ ಬಿದ್ದಿತ್ತು. ಅಲ್ಲಿನ ಏಳೆಂಟು ಸಾಲನ್ನೇ ಎರಡು ತಾಸು ತಿರುಗಾಮುರುಗಾ ಓದಿದೆ. ತಪ್ಪೇ ಇಲ್ಲ! ಮೆಮೊರಿಯ ತಪ್ಪು ಹಿಡಿಯುವ ವ್ಯಾಲ್‌ಗ್ರೈಂಡ್ ಕೂಡ ಬಿದ್ದ ಜಾಗವನ್ನಷ್ಟೇ ಹೇಳಿತು.

ಅಷ್ಟೊತ್ತಿಗೆ ಕಾಕಾ ತಾನೇ ಹೆಸರುಗಳನ್ನ ಹಿಂದುಮುಂದು ಮಾಡಿ ನೋಡುತ್ತಿದ್ದ. "ಗದಗ ಕಡೀಗೆ ಹಾಕಿದ್ರ ಬೀಳಂಗಿಲ್ಲ ನೋಡಪಾ. ಆದ್ರ ಹುಬ್ಬಳ್ಳಿ ನಡುವ ಬಂದ್ರ ಅದರ ಗುಡಿಸು ಹೋಗಿ ಹುಬ್ಬಳ್ಳ ಆಗ್ತೈತಿ, ಮುಂದ ಏನೋ ಕಸ ಬರ್ತೈತಿ," ಅಂದ.

ಗುಡಿಸು ಎಲ್ಲಿಗೆ ಹೋಯ್ತು?

ಪಟ್ಟಿಯ ಒಂದೊಂದು ಊರಿಗೂ ಒಂದು ನೋಡ್, ಅಂದರೆ ಊರ ಹೆಸರು ಮತ್ತು ಮುಂದಿನ ನೋಡ್ ಎಲ್ಲಿದೆ ಅನ್ನುವ ವಿಳಾಸ (ಪಾಯಿಂಟರ್) ಇರುವ ಮೆಮೊರಿಯ ತುಂಡು. ಹುಬ್ಬಳ್ಳಿಯನ್ನು ಮತ್ತೆ ಕೊನೆಗೆ ಹಾಕಿ, ಅದರ ನೋಡ್‌ನಲ್ಲಿದ್ದ ಪಾಯಿಂಟರನ್ನು ಜಿಡಿಬಿಯಲ್ಲಿ ಪ್ರಿಂಟ್ ಮಾಡಿದೆ. ಪಟ್ಟಿಯ ಕೊನೆ ಅಂದಮೇಲೆ ಅಲ್ಲಿ ಸೊನ್ನೆ ಇರಬೇಕಿತ್ತು. ಇದ್ದದ್ದು, ಹದಿನಾರರ ಎಣಿಕೆಯಲ್ಲಿ, ಬಿಎಫ್, ಬಿ2, ಇ0. ನಮ್ಮ ಕಂಪ್ಯೂಟರ್‌ಗಳು ಸಂಖ್ಯೆಯ ಕೆಳ ಸ್ಥಾನದ ಬೈಟನ್ನು ಮೆಮೊರಿಯಲ್ಲಿ ಮೊದಲು ಇಡುತ್ತವೆ, ಹಾಗಾಗಿ ಹಿಂದಿನಿಂದ ಓದಬೇಕು: ಇ0, ಬಿ2, ಬಿಎಫ್. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಅದೇ ಕನ್ನಡದ ಗುಡಿಸು! ಮೈ ಜುಮ್ಮೆಂದಿತು. ನಮ್ಮೂರ ಹೆಸರಿನ ಕೊನೆಯ ಗುಡಿಸು ಮೆಮೊರಿಯ ವಿಳಾಸವಾಗಿ ಕೂತಿತ್ತು. ನಡುವೆ ಹಾಕಿದಾಗ ಮುಂದಿನ ಊರಿನ ನಿಜವಾದ ವಿಳಾಸ ಅದರ ಮೇಲೆ ಬಂದು ಗುಡಿಸು ಅಳಿಸಿಹೋಗುತ್ತಿತ್ತು.

ಆಮೇಲೆ ಕಾಗದ ತಗೊಂಡು ಲೆಕ್ಕ ಹಾಕಿದೆ. ಹೆಸರಿಗೆ 20 ಬೈಟ್ ಇಟ್ಟಿದ್ದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡದಲ್ಲಿ ವ್ಯಂಜನಕ್ಕೆ 3, ಕೊಂಬು, ಗುಡಿಸಿನಂಥ ಸ್ವರ ಚಿಹ್ನೆಗೆ 3, ಒತ್ತಕ್ಷರ ಮಾಡುವ ಹಲಂತಕ್ಕೂ 3. ಧಾರವಾಡಕ್ಕೆ 18, ಹೆಸರು ಮುಗಿಯಿತು ಅಂತ ತೋರಿಸುವ ಕೊನೆಯ ಸೊನ್ನೆ ಸೇರಿ 19. ಹಾವೇರಿಗೂ ಅಷ್ಟೇ, ಕೂದಲೆಳೆಯಲ್ಲಿ ಪಾರು. ಹುಬ್ಬಳ್ಳಿಗೆ 27, ಸೊನ್ನೆ ಸೇರಿ 28. ಹೆಸರಿನ ಜಾಗ ಮುಗಿದ ಮೇಲೆ ಕಂಪೈಲರ್ 4 ಬೈಟ್ ಖಾಲಿ ಬಿಟ್ಟಿತ್ತು, 24 ದಾಟಿದರೆ ಪಾಯಿಂಟರ್. 'ಹುಬ್ಬಳ್ಳ' ಅನ್ನೋದಕ್ಕೆ ಸರಿಯಾಗಿ 24! ಹೆಸರನ್ನು ನಕಲು ಮಾಡುವ ಸ್ಟ್ರಿಂಗ್‌ಕಾಪಿ ಫಂಕ್ಷನ್ ಜಾಗ ಎಷ್ಟಿದೆ ಅಂತ ಕೇಳುವುದೇ ಇಲ್ಲ. ಮೆಮೊರಿ ಕೇಳಿ ಪಡೆಯುವ ಮಾಲೋಕ್ ಫಂಕ್ಷನ್ ಕೊಟ್ಟ ಒಂದೇ ತುಂಡಿನೊಳಗೆ ನಡೆದ ಒತ್ತುವರಿ ಇದು, ಅದಕ್ಕೇ ವ್ಯಾಲ್‌ಗ್ರೈಂಡ್‌ಗೆ ಕಾಣಲಿಲ್ಲ.

20 ಬೈಟಿಗೆ ಕತ್ತರಿಸಿ ಕೂರಿಸಬಹುದಿತ್ತು. ಆದರೆ ಅಕ್ಷರದ ನಡುವೆಯೇ ಕತ್ತರಿ ಬೀಳುತ್ತೆ. ಊರ ಹೆಸರಿಗೆ ಹಾಗೆ ಮಾಡಲು ಮನಸ್ಸಾಗಲಿಲ್ಲ. ಪ್ರತಿ ಹೆಸರಿನ ಉದ್ದ ಅಳೆದು, ಒಂದು ಜಾಸ್ತಿ ಸೇರಿಸಿ, ಅಷ್ಟೇ ಜಾಗ ಕೇಳಿ ತಗೊಳ್ಳುವ ಹಾಗೆ ಬದಲಿಸಿದೆ.

"ಈಗ ದೊಡ್ಡದೊಂದು ಹೆಸರು ಹಾಕು ಕಾಕಾ," ಅಂದೆ. ಕಾಕಾ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಾ 'ಲಕ್ಷ್ಮೇಶ್ವರ' ಅಂತ ಬರೆದ. 33 ಬೈಟ್. ಒತ್ತುಗಳ ಸಮೇತ ಪೂರ್ತಿ ಮೂಡಿತು.