ಕತ್ತರಿಸಿ ಎಸೆದ ಬಿಳಿ ತುಂಡುಗಳು

ಹಳೆಯ ಫಿಲ್ಮ್ ರೀಲುಗಳನ್ನು ಒರೆಸಿ, ಹರಿದ ಕಡೆ ಅಂಟಿಸಿ, ಸ್ಕ್ಯಾನ್ ಮಾಡಿಕೊಡುವುದು ನನ್ನ ಕೆಲಸ. ಬೆಂಗಳೂರಿನ ಒಂದು ಸಣ್ಣ ಲ್ಯಾಬ್. ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿದ್ದಾಗ ನಾನೊಂದು ತಪ್ಪು ಮಾಡಿದೆ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಒಂದು ಮನೆಯವರು ತಗಡಿನ ಟ್ರಂಕಿನಲ್ಲಿ 16 ಎಂಎಂ ಅಗಲದ ಫಿಲ್ಮಿನ 14 ಸಣ್ಣ ರೋಲ್ ತಂದಿದ್ದರು. ಆ ಮನೆಯ ಹಿರಿಯರು ಊರಿಗೆ ಶಾಲೆ ಕಟ್ಟಿಸಿದವರು, ಸಹಕಾರ ಸಂಘ ನಡೆಸಿದವರು. ಅವರ ತಮ್ಮನ ಹತ್ತಿರ ಕ್ಯಾಮೆರಾ ಇತ್ತು. ಅಣ್ಣ ಹೋದಲ್ಲೆಲ್ಲ ತಮ್ಮ ಹಿಂದೆಯೇ ಹೋಗಿ ತೆಗೆದ ಚಿತ್ರಗಳು ಅವು.

ಪ್ರತಿ ರೋಲಿನ ತುದಿಯಲ್ಲೂ ಒಂದು ಮೊಳದಷ್ಟು ಬಿಳಿ ಲೀಡರ್ ಇತ್ತು. ಚಿತ್ರ ಶುರುವಾಗುವುದಕ್ಕೆ ಮುಂಚೆ ಪ್ರೊಜೆಕ್ಟರಿಗೆ ಸುತ್ತಲು ಬಿಡುವ ಖಾಲಿ ಪಟ್ಟಿ ಅದು. ಬೂಷ್ಟು ಹಿಡಿದು, ಹಳೇ ಟೇಪಿನ ಅಂಟು ಕಂದು ಬಣ್ಣಕ್ಕೆ ತಿರುಗಿ ಕೈಗೆ ಮೆತ್ತಿಕೊಳ್ಳುತ್ತಿತ್ತು. ಸ್ಕ್ಯಾನರಿಗೆ ಹೇಗೂ ಹೊಸ ಲೀಡರ್ ಹಾಕಬೇಕು. ಹಳೇದನ್ನೆಲ್ಲ ಕತ್ತರಿಸಿ ಕಸದ ಬುಟ್ಟಿಗೆ ಹಾಕಿದೆ. 14 ರೋಲನ್ನೂ ನನಗೆ ಸರಿ ಅನ್ನಿಸಿದ ಕ್ರಮದಲ್ಲಿ ಜೋಡಿಸಿ ಒಂದೇ ದೊಡ್ಡ ರೀಲ್ ಮಾಡಿದೆ. ತುಂಬ ಚೊಕ್ಕವಾಗಿ ಬಂತು ಅಂತ ಖುಷಿಪಟ್ಟೆ.

ನೋಡುವುದಕ್ಕೆ ಆ ತಮ್ಮನ ಹೆಂಡತಿ ಬಂದರು. ಎಂಬತ್ತು ದಾಟಿದ ಅಜ್ಜಿ. ಪರದೆಗೆ ಹತ್ತಿರವೇ ಕುರ್ಚಿ ಹಾಕಿಸಿಕೊಂಡು ಕೂತರು. ಐದು ನಿಮಿಷ ಆಗಿರಬಹುದು. "ಇದು ಹಿಂದುಮುಂದಾಗಿದೆ ಕಣಮ್ಮ" ಅಂದರು. "ಶಾಲೆಗೆ ಪಾಯ ತೆಗೆದ ವರ್ಷ ಬಾವೀಲಿ ನೀರು ಎಲ್ಲಿತ್ತು? ಆ ಬಾವಿ ತೋಡಿಸಿದ್ದು ಆಮೇಲೆ. ಇವರು ಪ್ರತಿ ಸುರುಳಿಗೂ ಪೆನ್ಸಿಲಿನಲ್ಲಿ ನಂಬರ್ ಹಾಕಿದ್ದರಲ್ಲ, ಬಿಳೀ ಪಟ್ಟಿ ಮೇಲೆ? ಅದನ್ನ ನೋಡಲಿಲ್ವಾ?"

ನನಗೆ ಮಾತೇ ಹೊರಡಲಿಲ್ಲ. ಬುಟ್ಟಿ ಖಾಲಿಯಾಗಿ ಮೂರು ದಿನ ಕಳೆದಿತ್ತು.

ನಮ್ಮ ಲ್ಯಾಬಿನ ಹಿರಿಯರನ್ನು ನಾವೆಲ್ಲ ಅಣ್ಣ ಅಂತಲೇ ಕರೆಯುವುದು. ಅವರು ಬೈಯಲಿಲ್ಲ. ಸಂಜೆ ಟೀ ಕುಡಿಯುತ್ತಾ "ಲಾಯ್ಡ್ ಜಾರ್ಜ್ ಫಿಲ್ಮಿನ ಕಥೆ ಕೇಳಿದ್ದೀಯೇನಮ್ಮ?" ಅಂತ ಕೇಳಿದರು. ನಾನು ಕೇಳಿರಲಿಲ್ಲ.

ಡೇವಿಡ್ ಲಾಯ್ಡ್ ಜಾರ್ಜ್ ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಬ್ರಿಟನ್ನಿನ ಪ್ರಧಾನಿ. ವೇಲ್ಸ್‌ನ ಹಳ್ಳಿಯೊಂದರಲ್ಲಿ, ಚಪ್ಪಲಿ ಹೊಲಿಯುವ ಸೋದರಮಾವನ ಮನೆಯಲ್ಲಿ ಬೆಳೆದವರು. ಅವರಿನ್ನೂ ಅಧಿಕಾರದಲ್ಲಿದ್ದಾಗಲೇ, 1918ರಲ್ಲಿ, ಐಡಿಯಲ್ ಎಂಬ ಕಂಪನಿ ಅವರ ಜೀವನದ ಮೇಲೆ ದೊಡ್ಡ ಮೂಕಿ ಚಿತ್ರ ಮಾಡಿತು. ನಿರ್ದೇಶಕ ಮಾರಿಸ್ ಎಲ್ವಿ. ಲಾಯ್ಡ್ ಜಾರ್ಜ್ ಪಾತ್ರ ಮಾಡಿದವರು ನಾರ್ಮನ್ ಪೇಜ್. ಮಗಳು ಮೇಗನ್ ಪಾತ್ರದಲ್ಲಿ ಆಲ್ಮಾ ರೆವಿಲ್ ಇದ್ದಾರೆ, ಮುಂದೆ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಅವರನ್ನು ಮದುವೆಯಾದವರು.

ಚಿತ್ರ ಸಿದ್ಧವಾಯಿತು, ಜಾಹೀರಾತೂ ಬಂತು. ಅಷ್ಟರಲ್ಲಿ 'ಜಾನ್ ಬುಲ್' ಪತ್ರಿಕೆಯಲ್ಲಿ ಹೊರೇಷಿಯೋ ಬಾಟಮ್ಲಿ ಕಂಪನಿಯ ಮಾಲೀಕರ ಮೇಲೆ ಹರಿಹಾಯ್ದ. ಅವರ ಮನೆತನದ ಹಳೇ ಹೆಸರು ಜರ್ಮನ್ ತರಹ ಇದೆ ಅನ್ನುವುದು ಅವನ ತಕರಾರು. ಕಂಪನಿ ಕೋರ್ಟಿಗೆ ಹೋಯಿತು. ಆದರೆ ಚಿತ್ರ ಬಿಡುಗಡೆ ಆಗಲೇ ಇಲ್ಲ. 1919ರ ಜನವರಿಯಲ್ಲಿ ವಕೀಲರ ಕಡೆಯವರು ಬಂದು, 20,000 ಪೌಂಡನ್ನು ನೋಟುಗಳಲ್ಲೇ ಎಣಿಸಿಕೊಟ್ಟು, ಕ್ಯಾಮೆರಾದಲ್ಲಿ ತೆಗೆದ ಮೂಲ ನೆಗೆಟಿವ್ ಮತ್ತು ಪರದೆಗೆ ಹಾಕಲು ಅದರಿಂದ ಮಾಡಿದ ಪ್ರಿಂಟನ್ನು ಟ್ಯಾಕ್ಸಿಯಲ್ಲಿ ಹಾಕಿಕೊಂಡು ಹೋದರು. ಅಲ್ಲಿಗೆ ಆ ಚಿತ್ರ ಕಣ್ಮರೆ. ಜನ ಒಂದು ದಿನವೂ ಅದನ್ನು ನೋಡಲಿಲ್ಲ.

1994ರಲ್ಲಿ ಅದು ಸಿಕ್ಕಿತು, ಲಾಯ್ಡ್ ಜಾರ್ಜ್ ಅವರ ಮೊಮ್ಮಗನ ಮನೆಯಲ್ಲಿ. ತೆಗೆದು 76 ವರ್ಷ ಆಗಿತ್ತು. ಆ ಕಾಲದ ಸಿನಿಮಾಗಳನ್ನು ತೆಗೆಯುತ್ತಿದ್ದ ನೈಟ್ರೇಟ್ ಫಿಲ್ಮ್ ಅಷ್ಟು ಕಾಲ ತಾಳುವುದೇ ದೊಡ್ಡದು. ಅದಕ್ಕೆ ಬೆಂಕಿ ಹತ್ತಿದರೆ ನೀರಲ್ಲಿ ಮುಳುಗಿಸಿದರೂ ಆರುವುದಿಲ್ಲ. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುತ್ತದೆ. ಬೆಂಕಿ ಬೀಳದಿದ್ದರೂ ಡಬ್ಬದೊಳಗೇ ಕರಗಿ ಕಂದು ಪುಡಿಯಾಗಿಬಿಡುತ್ತದೆ. ಇದು ಹಾಗೇನೂ ಆಗದೆ ಉಳಿದಿತ್ತು.

"ಸಿಕ್ಕಿತಲ್ಲ, ಇನ್ನೇನು ಅಂದುಕೊಂಡೆಯಾ? ಕಷ್ಟ ಶುರುವಾಗಿದ್ದೇ ಆಮೇಲೆ" ಅಂದರು ಅಣ್ಣ.

ಯಾಕೆಂದರೆ ಸಿಕ್ಕಿದ್ದು ಜೋಡಿಸಿ ಮುಗಿಸಿದ ಚಿತ್ರವಲ್ಲ, ಬಿಡಿಬಿಡಿ ನೆಗೆಟಿವ್. ಮೂಕಿ ಕಾಲದಲ್ಲಿ ನೆಗೆಟಿವ್ ಕಥೆಯ ಕ್ರಮದಲ್ಲಿ ಇರಲೇಬೇಕು ಅಂತೇನಿಲ್ಲ. ರಾತ್ರಿಯ ದೃಶ್ಯಕ್ಕೆ ನೀಲಿ, ಬೆಂಕಿಯ ದೃಶ್ಯಕ್ಕೆ ಕೆಂಪು ಅಂತ ಪ್ರಿಂಟನ್ನು ಬಣ್ಣದಲ್ಲಿ ಅದ್ದುತ್ತಿದ್ದರು. ಒಂದೇ ಬಣ್ಣದ್ದನ್ನೆಲ್ಲ ಒಟ್ಟಿಗೆ ಅದ್ದಿದರೆ ಕೆಲಸ ಸುಲಭ. ಹಾಗಾಗಿ ನೆಗೆಟಿವನ್ನೂ ಹಾಗೇ ಗುಂಪು ಮಾಡಿ ಇಡುವುದಿತ್ತು. ಕಥೆಯ ಕ್ರಮ ಕೊನೆಗೆ ಪ್ರಿಂಟ್ ಜೋಡಿಸುವವರ ಕೈಯಲ್ಲಿ ಬರುತ್ತಿತ್ತು.

ಹಳೇ ಚಿತ್ರಗಳನ್ನು ಕಾಪಾಡಿಡುವ ವೇಲ್ಸ್‌ನ ಆರ್ಕೈವ್‌ನವರು ಇದನ್ನು ಕೂಡಿಸಲು ಕೂತಾಗ ಹೋಲಿಸಿ ನೋಡಲು ಹಳೇ ಪ್ರಿಂಟ್ ಇಲ್ಲ. ಥಿಯೇಟರಿನಲ್ಲಿ ನೋಡಿದ್ದೆ ಅನ್ನುವವರು ಒಬ್ಬರೂ ಇಲ್ಲ. ಎಲ್ವಿ 1967ರಲ್ಲೇ ತೀರಿಕೊಂಡಿದ್ದರು. ಚಿತ್ರ ಉಳಿದಿತ್ತು, ಅದರ ಕ್ರಮ ಗೊತ್ತಿದ್ದವರು ಉಳಿದಿರಲಿಲ್ಲ.

ಚರಿತ್ರೆಯ ಚಿತ್ರವಾದ್ದರಿಂದ ಸ್ವಲ್ಪ ಆಧಾರ ಇತ್ತು ನಿಜ. ಉದಾಹರಣೆಗೆ ಬರ್ಮಿಂಗ್‌ಹ್ಯಾಮ್ ಟೌನ್‌ಹಾಲ್ ಗಲಭೆ. ದಕ್ಷಿಣ ಆಫ್ರಿಕಾದಲ್ಲಿ ಬ್ರಿಟನ್ ನಡೆಸುತ್ತಿದ್ದ ಬೋಯರ್ ಯುದ್ಧ ಬೇಡ ಅಂದಿದ್ದಕ್ಕೆ 1901ರ ಡಿಸೆಂಬರಿನಲ್ಲಿ ಜನ ಸಭೆಗೆ ನುಗ್ಗಿದರು, ಲಾಯ್ಡ್ ಜಾರ್ಜ್ ಪೊಲೀಸ್ ಪೇದೆಯ ವೇಷದಲ್ಲಿ ಪಾರಾದರು. ಚಿತ್ರದಲ್ಲಿ ಆ ದೃಶ್ಯ ಇದೆ, ತುಂಬ ದೊಡ್ಡದಾಗಿಯೇ ತೆಗೆದಿದ್ದಾರೆ. ಅದು 1908ರ ವೃದ್ಧಾಪ್ಯ ಪಿಂಚಣಿ ಕಾನೂನಿಗಿಂತ ಮೊದಲು ಬರಬೇಕು ಅಂತ ಯಾವ ಚರಿತ್ರೆ ಪುಸ್ತಕ ತೆರೆದರೂ ಗೊತ್ತಾಗುತ್ತದೆ. ಆದರೆ ಒಂದು ಗಲಭೆಯ ಒಳಗೆ ಕಿಟಕಿಯ ಗಾಜು ಮೊದಲು ಒಡೆಯಬೇಕೋ, ಜನರ ಮುಖ ಮೊದಲು ಕಾಣಬೇಕೋ? ಅದು ಯಾವ ಪುಸ್ತಕದಲ್ಲೂ ಇಲ್ಲ. ಅಂಥದ್ದೆಲ್ಲ ಕೂತು, ಒಂದೊಂದೇ ತುಂಡು ನೋಡಿ ನಿರ್ಧರಿಸಬೇಕು. ಕೊನೆಗೆ 1996ರ ಮೇ ತಿಂಗಳಲ್ಲಿ ಕಾರ್ಡಿಫ್‌ನಲ್ಲಿ ಮೊದಲ ಪ್ರದರ್ಶನ ಆಯಿತು. ಎರಡೂವರೆ ಗಂಟೆಯ ಚಿತ್ರ.

ಅಣ್ಣ ಇದನ್ನೆಲ್ಲ ಹೇಳಿ, "ಅವರ ಹತ್ತಿರ ನಂಬರೂ ಇರಲಿಲ್ಲ, ಹೇಳುವವರೂ ಇರಲಿಲ್ಲ. ನಿನ್ನ ಹತ್ತಿರ ಎರಡೂ ಇತ್ತು" ಅಂದರು. ಅಷ್ಟೇ ಹೇಳಿ ಲೋಟ ತೊಳೆಯಲು ಎದ್ದರು. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಮರುದಿನದಿಂದ ಸರಿಪಡಿಸಲು ಕೂತೆವು. ಹಳೇ ಕೊಡಾಕ್ ಫಿಲ್ಮಿನ ಅಂಚಿನಲ್ಲಿ ಚಿಕ್ಕ ಗುರುತುಗಳಿರುತ್ತವೆ. ವೃತ್ತ, ಚೌಕ, ತ್ರಿಕೋನ. ಫಿಲ್ಮ್ ತಯಾರಾದ ವರ್ಷವನ್ನು ಅವು ಹೇಳುತ್ತವೆ. 20 ವರ್ಷಕ್ಕೊಮ್ಮೆ ಅದೇ ಗುರುತು ಮತ್ತೆ ಬರುತ್ತದೆ. ಒಂದು ತ್ರಿಕೋನ ಕಂಡರೆ 1938 ಇರಬಹುದು, 1958 ಕೂಡ ಇರಬಹುದು. ಲೈಟ್ ಬಾಕ್ಸ್ ಮೇಲೆ ಪಟ್ಟಿ ಹಿಡಿದು ಭೂತಗನ್ನಡಿಯಲ್ಲಿ ಹುಡುಕಿದೆ. ಕಣ್ಣು ಉರಿಯುತ್ತಿತ್ತು. ಒಂಬತ್ತು ರೋಲಿನದ್ದು ಹೀಗೆ ಸಿಕ್ಕಿತು. ಆದರೂ ಅದು ತಯಾರಾದ ವರ್ಷ ಅಷ್ಟೇ. ಅಂಗಡಿಯಲ್ಲೋ ಬೀರುವಿನಲ್ಲೋ ಎರಡು ವರ್ಷ ಕೂತು ಆಮೇಲೆ ಕ್ಯಾಮೆರಾದೊಳಗೆ ಹೋಗಿದ್ದರೆ ಗುರುತಿನಿಂದ ಗೊತ್ತಾಗುವುದಿಲ್ಲ.

ಉಳಿದ ಐದಕ್ಕೆ ಅಜ್ಜಿಯ ಮನೆಗೇ ಹೋದೆ. ಲ್ಯಾಪ್‌ಟಾಪಿನಲ್ಲಿ ತೋರಿಸುತ್ತಾ ಹೋದೆ, ಅವರು ಹೇಳುತ್ತಾ ಹೋದರು. "ಇದರಲ್ಲಿ ಭಾವನವರ ಕೈಯಲ್ಲಿ ಕೋಲಿದೆ ನೋಡು. ಬಿದ್ದು ಕಾಲು ಪೆಟ್ಟಾದ ಮೇಲಿನದು." "ಈ ಹಸು ನಮ್ಮನೆಗೆ ಬಂದಿದ್ದು ನನ್ನ ಎರಡನೇ ಹೆರಿಗೆಗೆ." ನಾನು ಸಂಬಂಧವಿಲ್ಲದ್ದು ಅಂದುಕೊಂಡು ದಾಟಿಸುತ್ತಿದ್ದ ಹಸು ಒಂದು ರೋಲಿನ ವರ್ಷ ಹೇಳಿಬಿಟ್ಟಿತು. ಎರಡು ರೋಲ್ ಮಾತ್ರ ಅವರಿಗೂ ನೆನಪಾಗಲಿಲ್ಲ. ಆ ಎರಡನ್ನು ಕೊನೆಯಲ್ಲಿ ಬೇರೆಯಾಗಿ ಇಟ್ಟು, ಇವುಗಳ ಜಾಗ ಗೊತ್ತಿಲ್ಲ ಅಂತ ಬರೆದುಕೊಟ್ಟೆ. ಆ ಚೀಟಿ ಬರೆಯುವಾಗ ಕೈ ಭಾರವಾಗಿತ್ತು.

ನಮ್ಮ ಕಡೆಯದ್ದನ್ನು ಯೋಚಿಸಿ. 1934ರಲ್ಲಿ ಬಂದ ಮೊದಲ ಕನ್ನಡ ಟಾಕಿ 'ಸತಿ ಸುಲೋಚನ'ದ ಪ್ರಿಂಟ್ ಇವತ್ತು ಇಲ್ಲ. ಮುಂದೊಂದು ದಿನ ಯಾರದೋ ಅಟ್ಟದಿಂದ ಅದು ಇಳಿದು ಬಂದರೆ ಪೂರ್ತಿ ರೀಲಾಗಿ, ಹೆಸರು ಬರೆದುಕೊಂಡು ಬರುತ್ತದೆ ಅಂತ ಏನು ಗ್ಯಾರಂಟಿ? ಬೂಷ್ಟು ಹಿಡಿದ ಒಂದು ತುಂಡಾಗಿಯೂ ಬರಬಹುದು. ಅವತ್ತು ಅದು ಮೊದಲ ನಾಲ್ಕು ತಿಂಗಳಿನ ನನ್ನಂಥವಳ ಮೇಜಿಗೆ ಬಂದರೆ ಅನ್ನುವುದು ನನಗೆ ನಿಜವಾದ ಭಯ.

ಈಗ ನಮ್ಮಲ್ಲಿ ರೋಲ್ ಬಂದ ತಕ್ಷಣ ಡಬ್ಬದ ಫೋಟೋ, ಚೀಟಿಯ ಫೋಟೋ, ಲೀಡರಿನ ಎರಡೂ ಬದಿಯ ಫೋಟೋ ತೆಗೆಯುತ್ತೇವೆ. ಕತ್ತರಿಸಿದ ಲೀಡರ್ ಕಸಕ್ಕೆ ಹೋಗುವುದಿಲ್ಲ. ರೋಲ್ ನಂಬರ್ ಬರೆದ ಕಾಗದದ ಕವರಿನಲ್ಲಿ ಹಾಕಿ ಫಿಲ್ಮಿನ ಜೊತೆಗೇ ವಾಪಸ್ ಕೊಡುತ್ತೇವೆ. ತಂದವರ ಮನೆಯಲ್ಲಿ ಹಿರಿಯರಿದ್ದರೆ ಸ್ಕ್ಯಾನ್ ಆಗುವುದಕ್ಕೆ ಮುಂಚೆಯೇ ಫೋನ್ ಮಾಡುತ್ತೇನೆ. ಹೋದ ವಾರ ಬಂದ ಆರು ರೋಲಿನಲ್ಲಿ ಒಂದರ ಲೀಡರ್ ಮೇಲೆ ಪೆನ್ಸಿಲಿನಲ್ಲಿ "3, ಮಳೆಗೆ ಮುಂಚೆ" ಅಂತಿತ್ತು. ಅಕ್ಷರ ಅರ್ಧ ಅಳಿಸಿತ್ತು, ದೀಪವನ್ನು ಓರೆಯಾಗಿ ಹಿಡಿದಾಗ ಮಾತ್ರ ಕಂಡಿತು.